ಪರಾತದೊಳಗಿನ ಗುಡ್ಡ

ತಳ ಸಪಾಟಾಗಿರುವ ಪರಾತ ಕಂಡರೆ ಈಚೆಗೆ ನನಗೆ ಮೈ ಉರಿಯುತ್ತದೆ. ಹೇಳಿಕೊಳ್ಳುವಂಥ ಮಾತಲ್ಲ, ಗೊತ್ತು. ಸಿಟ್ಟಿಗೇಳುವುದಕ್ಕೆ ಜಗತ್ತಿನಲ್ಲಿ ಎಷ್ಟೋ ದೊಡ್ಡ ಕಾರಣಗಳಿರುವಾಗ ಹಿಟ್ಟು ನಾದುವ ಪಾತ್ರೆಯ ತಳದ ಮೇಲೆ ಸಿಟ್ಟಾಗುವವಳನ್ನು ನೀವು ಏನೆಂದುಕೊಳ್ಳುತ್ತೀರಿ ಎಂಬುದೂ ಗೊತ್ತು. ಆದರೂ ಕೇಳಿ. ನನ್ನ ಪರಾತದ ನಡುವೆ ಒಂದು ಪುಟ್ಟ ಗುಡ್ಡ ಇತ್ತು. ನಾಲ್ಕು ವರ್ಷ ಇತ್ತು. ನನ್ನ ಗಂಡ ತೀರಿಕೊಂಡ ಹದಿನೈದು ದಿನಕ್ಕೆ ಒಬ್ಬರು ನನ್ನನ್ನು ಒಂದು ಮಾತೂ ಕೇಳದೆ ಅದನ್ನು ತಟ್ಟಿ ಮಟ್ಟ ಮಾಡಿಕೊಂಡು ಬಂದರು. ಉಪಕಾರ ಮಾಡಿದೆ ಎಂಬ ಮುಖ ಹೊತ್ತು ಬಂದರು. ಉಪಕಾರ ಮಾಡಿದವರನ್ನು ಬೈಯುವುದಕ್ಕೆ ಬರುವುದಿಲ್ಲವಲ್ಲ, ಆ ಸಿಟ್ಟು ಬಹಳ ದಿನ ಒಳಗೇ ಇರುತ್ತದೆ.

ಪರಾತ ಎಂದರೆ ಏನೆಂದು ತಿಳಿಯದವರು ಇರಬಹುದು. ಅಗಲ ಬಾಯಿಯ, ಗಿಡ್ಡ ಅಂಚಿನ ದೊಡ್ಡ ಸ್ಟೀಲಿನ ಹರಿವಾಣ ಅದು. ನಮ್ಮ ಕಡೆ ಜೋಳದ ಹಿಟ್ಟಿಗೆ ಕುದಿಯುವ ನೀರು ಸುರಿದು ನಾದುವುದು ಅದರಲ್ಲೇ, ರೊಟ್ಟಿ ಬಡಿಯುವುದೂ ಅದರಲ್ಲೇ. ನನ್ನದು ಇಪ್ಪತ್ತನಾಲ್ಕು ಇಂಚಿನದು. ಮದುವೆಗೆ ಮುಂಚೆ ಗದಗಿನ ಪಾತ್ರೆ ಅಂಗಡಿಯಲ್ಲಿ ನನ್ನವ್ವ ಒಂದೊಂದನ್ನೂ ಬೆರಳಿನಿಂದ ಬಾರಿಸಿ, ನಾದ ಕೇಳಿ ಆರಿಸಿದ್ದು. ಅಂಚಿನಲ್ಲಿ ನನ್ನ ಹೆಸರನ್ನೂ ಅವರ ಹೆಸರನ್ನೂ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದಳು.

ತೊಂಬತ್ತೆಂಟರಲ್ಲಿ ನಾವು ಇಂಗ್ಲೆಂಡಿನ ಡರ್ಬಿಗೆ ಬಂದಾಗ ಅದು ಯಾವ ಸೂಟ್‌ಕೇಸಿನಲ್ಲೂ ಹಿಡಿಯಲಿಲ್ಲ. ಹಾಸಿಗೆಯ ಚಾದರದಲ್ಲಿ ಸುತ್ತಿ ನಾನೇ ಎದೆಗವಚಿಕೊಂಡು ತಂದೆ. ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಚಾದರ ಬಿಚ್ಚಿಸಿ, ಬೆರಳಿನಿಂದ ತಟ್ಟಿ, ಇದು ವಾದ್ಯವೇ ಎಂದು ಕೇಳಿದ. ನನ್ನ ಗಂಡ, 'ಹೌದು, ನನ್ನ ಹೆಂಡತಿ ದಿನಾ ಬಾರಿಸುತ್ತಾಳೆ' ಎಂದರು. ಆತ ತಲೆಯಾಡಿಸಿ ಬಿಟ್ಟುಬಿಟ್ಟ. ಸುಳ್ಳೇನೂ ಅಲ್ಲ. ನಮ್ಮದು ಗೋಡೆಗೆ ಗೋಡೆ ಅಂಟಿದ ಸಾಲುಮನೆ. ಸಂಜೆ ಐದಕ್ಕೆ ನಾನು ರೊಟ್ಟಿ ಬಡಿಯುವುದಕ್ಕೆ ಕೂತರೆ ಪಕ್ಕದ ಮನೆಯ ಮುದುಕಿ ಗೋಡೆ ಕುಟ್ಟುತ್ತಿದ್ದಳು. ಹಾಗೆ ನಾವಿಬ್ಬರೂ ಸುಮಾರು ವರ್ಷ ಜುಗಲಬಂದಿ ನಡೆಸಿದೆವು.

ನನ್ನ ಗಂಡನ ಹೆಸರು ನಾನು ಹೇಳುವುದಿಲ್ಲ. ಮದುವೆಯಲ್ಲಿ ಒಡಪಿನ ಪದ್ಯದಲ್ಲಿ ಕಟ್ಟಿ ಹೇಳಿದ್ದು ಬಿಟ್ಟರೆ ಆಮೇಲೆ ಹೇಳಿದವಳಲ್ಲ. ನಮ್ಮನೆಯವರು ಎಂದರೆ ಸಾಕು. ಅವರು ವಿಮಾನದ ಇಂಜಿನ್ ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದರು. ಇಂಜಿನ್ನಿನೊಳಗೆ ತಿರುಗುವ ರೆಕ್ಕೆಗಳನ್ನು ಅಳೆದು, ಕೂದಲೆಳೆಯ ಕಾಲುಭಾಗ ತಪ್ಪಿದ್ದರೂ ಪಕ್ಕಕ್ಕೆ ಎತ್ತಿಡುವುದು ಅವರ ಕೆಲಸ. ಮನೆಯಲ್ಲೂ ಹಾಗೇ. ಗೋಡೆಗೆ ಫೋಟೋ ಹೊಡೆಯಬೇಕಾದರೆ ಅರ್ಧ ದಿನ. ನಾನು ಓದಿದ್ದು ಪಿಯುಸಿ, ಕೆಲಸ ಇಲ್ಲಿನ ಶಾಲೆಯೊಂದರ ಅಡಿಗೆಮನೆಯಲ್ಲಿ, ಅಳತೆ ಎಂದರೆ ಕೈಯಳತೆ. ಅವರು ಹುಟ್ಟಿದ್ದು ಇಂಡಿ ತಾಲೂಕಿನ ಕಡೆ. ಅಲ್ಲಿ ಹೊಲದಲ್ಲಿ ನಿಂತರೆ ಆಕಾಶದ ಅಂಚು ನಾಲ್ಕೂ ದಿಕ್ಕಿಗೆ ಕಾಣುತ್ತದೆ. ಆ ಬಯಲಿನವರಿಗೆ ಗುಡ್ಡದ ಹುಚ್ಚು ಎಲ್ಲಿಂದ ಹತ್ತಿತೋ ಕಾಣೆ. ಕಾರ್ಖಾನೆಯ ಕ್ಯಾಂಟೀನಿನ ಬೋರ್ಡಿನಿಂದ ಒಂದು ಚೀಟಿ ಕಿತ್ತು ತಂದು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಇಂಗ್ಲೆಂಡಿನ ಉತ್ತರದಲ್ಲಿ, ಪೆನೈನ್ ಗುಡ್ಡಗಳ ಮೇಲೆ, ಹಿಮ ಬಿದ್ದ ದಿನ ಸ್ಕೀ ಆಡುವ ಜಾಗ ಒಂದಿದೆಯಂತೆ.

"ಸ್ವಿಟ್ಜರ್‌ಲ್ಯಾಂಡಿಗೆ ಯಾಕ ಹೋಗಬೇಕ? ಇಲ್ಲೇ ಐತಿ ನೋಡು," ಎನ್ನುತ್ತಿದ್ದರು. ಸ್ವಿಟ್ಜರ್‌ಲ್ಯಾಂಡಿಗೆ ಹೋಗೋಣ ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಅವರು ತೀರಿಕೊಳ್ಳುವ ನಾಲ್ಕು ವರ್ಷ ಮುಂಚಿನ ಜನವರಿಯಲ್ಲಿ ನ್ಯೂಕಾಸಲ್ಲಿನಲ್ಲಿ ನಮ್ಮ ಕಡೆಯವರೆಲ್ಲ ಸೇರಿ ಸಂಕ್ರಾಂತಿ ಮಾಡಿದರು. ರೊಟ್ಟಿ ಬಡಿಯುವ ಹೆಂಗಸರು ನಾಲ್ಕು ಜನ, ಅದರಲ್ಲಿ ನಾನೊಬ್ಬಳು. ಬೇರೆಯವರ ಪರಾತದಲ್ಲಿ ನನಗೆ ಕೈ ಓಡುವುದಿಲ್ಲ. ಅದನ್ನು ಜಂಬ ಎನ್ನಿ, ಏನಾದರೂ ಎನ್ನಿ. ನನ್ನ ಪರಾತವನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡೇ ಹೋಗಿದ್ದೆ. ಮರುದಿನ ಬೆಳಿಗ್ಗೆ ಅಲ್ಲಿಂದ ಹೊರಟಾಗ ಇವರು ದೊಡ್ಡ ರಸ್ತೆ ಬಿಟ್ಟು ಪಶ್ಚಿಮಕ್ಕೆ ತಿರುಗಿಸಿದರು. ಎಲ್ಲಿಗೆ ಎಂದು ಕೇಳಿದರೆ ಪರ್ಸಿನಿಂದ ಚೀಟಿ ತೆಗೆದು ನನ್ನ ತೊಡೆಯ ಮೇಲಿಟ್ಟರು.

ಒಂದು ಗಂಟೆ ಏರಿದೆವು. ಮರಗಳು ಮುಗಿದವು, ಆಮೇಲೆ ಮನೆಗಳು ಮುಗಿದವು, ಆಮೇಲೆ ಕಲ್ಲು ಪೇರಿಸಿದ ಗೋಡೆಗಳೂ ಮುಗಿದವು. ಎಲ್ಲೆಲ್ಲೂ ಬಿಳಿ. ರಸ್ತೆ ಎಲ್ಲಿದೆ ಎಂದು ತೋರಿಸುವುದಕ್ಕೆ ಎರಡೂ ಬದಿಗೆ ಕೋಲು ನೆಟ್ಟಿದ್ದರು. ಹಿಂದಿನ ಸೀಟಿನಲ್ಲಿ ಆಗ ಎಂಟು ವರ್ಷದ ನಮ್ಮ ಮಗಳು ನಿಧಿ, "ಆರ್ ವಿ ಲಾಸ್ಟ್?" ಎಂದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಅವಳು. ಅವತ್ತು ಕೇಳದೆಯೂ ಕೊಟ್ಟಳು.

ಸ್ಕೀ ಜಾಗ ಎಂದರೆ ನಾನು ಹೋಟೆಲು, ತಂತಿಯ ಮೇಲೆ ಓಡುವ ಗಾಜಿನ ಡಬ್ಬಿಗಳು, ಬಣ್ಣದ ದೀಪಗಳು ಎಂದೆಲ್ಲ ಎಣಿಸಿದ್ದೆ. ಅಲ್ಲಿದ್ದದ್ದು ಒಂದು ಮರದ ಗುಡಿಸಲು, ಒಂದು ಡೀಸೆಲ್ ಇಂಜಿನ್ನು, ಇಳಿಜಾರಿನ ಬುಡದಿಂದ ನೆತ್ತಿಯವರೆಗೆ ಓಡುವ ಒಂದು ತಂತಿ. ಆ ತಂತಿಗೆ ಜೋತುಬಿದ್ದ ತಟ್ಟೆಯಂಥದ್ದನ್ನು ತೊಡೆಸಂದಿಯಲ್ಲಿ ಸಿಕ್ಕಿಸಿಕೊಂಡು ದೊಡ್ಡ ದೊಡ್ಡ ಮನುಷ್ಯರು ಗಂಭೀರವಾಗಿ ಮೇಲೆ ಹೋಗುತ್ತಿದ್ದರು. ಎಲ್ಲ ನಡೆಸುವವರು ಊರಿನವರೇ, ರೋಟಾ, ಎಂದರೆ ಸರದಿ, ಹಾಕಿಕೊಂಡು. ಆ ದಿನದ ರೋಟಾದಲ್ಲಿದ್ದವನು ಡೆನಿಸ್ ಎಂಬ ಮುದುಕ. ಹಿಮದಲ್ಲೇ ಹುಟ್ಟಿದವನ ಹಾಗೆ ಮುಖ ಕೆಂಪಗೆ ಒಡೆದಿತ್ತು. ಹೊಸಬರು ಬಂದರೆ ಸಂತೋಷ, ಆದರೆ ಸ್ಕೀ ಹಲಗೆಗಳನ್ನು ನೀವೇ ತರಬೇಕಾಗಿತ್ತಲ್ಲ ಎಂದ. ಚೀಟಿಯ ಕೊನೆಯ ಸಾಲಿನಲ್ಲಿ ಅದನ್ನು ಬರೆದಿತ್ತು. ಕೂದಲೆಳೆಯ ಕಾಲುಭಾಗ ಅಳೆಯುವವರು ಕೊನೆಯ ಸಾಲು ಓದಿರಲಿಲ್ಲ.

ಪಕ್ಕದ ಸಣ್ಣ ಇಳಿಜಾರಿನಲ್ಲಿ ಮಕ್ಕಳು ಪ್ಲಾಸ್ಟಿಕ್ಕಿನ ಜಾರುಬಂಡಿಯಲ್ಲಿ ಕೂತು ಇಳಿಯುತ್ತಿದ್ದರು. ಇವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಿರುಗಿ ಕಾರಿನ ಕಡೆ ನೋಡಿದರು.

"ಬ್ಯಾಡ," ಎಂದೆ.

"ಏನ್ ಬ್ಯಾಡ? ನಾ ಇನ್ನೂ ಏನೂ ಅಂದೇ ಇಲ್ಲ."

"ನೀವು ಡಿಕ್ಕಿ ಕಡೆ ನೋಡಿದ್ರಿ."

"ಡಿಕ್ಕಿ ಕಡೆ ನೋಡಬಾರದೇನ? ನಂದ ಕಾರು."

"ಪರಾತ ನಂದು. ನಮ್ಮವ್ವ ಕೊಟ್ಟದ್ದು."

"ನನ್ನ ಹೆಸರೂ ಐತಿ ಅದರ ಮ್ಯಾಲ. ಅರ್ಧಾ ನಂದು. ಅರ್ಧದಾಗ ಕುಂದ್ರತೇನಿ, ಆತಲ್ಲ?"

ನಿಧಿ ಅವರ ಕೋಟಿನ ತೋಳು ಹಿಡಿದು ಎಳೆದಳು. "ಪಪ್ಪಾ, ಪ್ಲೀಸ್. ಎಲ್ಲಾರೂ ನೋಡ್ತಿದಾರೆ." ಅವಮಾನ ಅಷ್ಟು ಜೋರಾಗಿದ್ದಾಗ ಮಾತ್ರ ಅವಳ ಬಾಯಿಂದ ಕನ್ನಡ ಬರುತ್ತಿತ್ತು.

ಹೋದರು. ಮಂಕಿ ಕ್ಯಾಪ್ ಹಾಕಿಕೊಂಡು, ಪರಾತವನ್ನು ತಲೆಯ ಮೇಲೆ ಹೊತ್ತುಕೊಂಡು, ಮೊಣಕಾಲುದ್ದ ಹಿಮದಲ್ಲಿ ಮೇಲೆ ಹತ್ತಿದರು. ನೆತ್ತಿಯಲ್ಲಿ ಅದನ್ನು ಇಟ್ಟು, ಒಳಗೆ ಚಕ್ಕಂಬಕ್ಕಳ ಹಾಕಿ ಕೂತರು. ಸಣ್ಣ ಮೈಯವರು, ಆದರೂ ಎರಡೂ ಮೊಣಕಾಲು ಅಂಚಿನಾಚೆ ಇದ್ದವು. ಬಲಗೈಯಲ್ಲಿ ಪರಾತದ ಕಂಠ ಹಿಡಿದರು. ಕೊರಳಲ್ಲಿದ್ದ ಲಿಂಗ ಜೋಲಾಡಬಾರದೆಂದು ಎಡಗೈಯನ್ನು ಸ್ವೆಟರಿನೊಳಗೆ ಹಾಕಿ ಅದನ್ನು ಎದೆಗೆ ಒತ್ತಿ ಹಿಡಿದರು. ದೂರದಿಂದ ನೋಡಿದರೆ ಬೆಳಿಗ್ಗೆ ಪೂಜೆಗೆ ಕೂತವರ ಹಾಗೇ ಕಾಣುತ್ತಿದ್ದರು.

ಪರಾತಕ್ಕೆ ಹಿಂದು ಮುಂದು ಎಂಬುದಿಲ್ಲ. ಅದು ಬುಗುರಿಯ ಹಾಗೆ ತಿರುಗುತ್ತ ಇಳಿಯಿತು. ಒಮ್ಮೆ ಅವರ ಬೆನ್ನು, ಒಮ್ಮೆ ಅವರ ಮುಖ. ಮುಖ ನಮ್ಮ ಕಡೆ ಬಂದಾಗಲೆಲ್ಲ ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು. ಮೂರು ಸುತ್ತು ಎಣಿಸಿದೆ. ನಾಲ್ಕನೆಯದಕ್ಕೆ ಠಣ್ ಎಂದಿತು. ಇಡೀ ಕಣಿವೆಗೆ ಕೇಳಿತು. ತಂತಿಗೆ ಜೋತುಬಿದ್ದಿದ್ದವರೆಲ್ಲ ತಿರುಗಿ ನೋಡಿದರು. ಇವರು ಹಿಮದಲ್ಲಿ ಬಿದ್ದಿದ್ದರು, ಪರಾತ ಮಾತ್ರ ತಾನೊಂದೇ ಉರುಳಿಕೊಂಡು ನನ್ನ ಕಾಲಬಳಿ ಬಂದು ಮಲಗಿತು. ಯಾರೋ ಚಪ್ಪಾಳೆ ತಟ್ಟಿದರು.

ಡೆನಿಸ್ ಬಂದು ಪರಾತ ಎತ್ತಿ ಕೊಟ್ಟ. "ಒಳ್ಳೆಯ ಟೀ ಟ್ರೇ," ಎಂದ.

ಟೀ ಟ್ರೇ ಅಂತೆ. ನಾಲ್ಕು ಸೇರು ಹಿಟ್ಟು ಒಮ್ಮೆಗೇ ಹಿಡಿಯುವ, ನನ್ನವ್ವ ನಾದ ಕೇಳಿ ತಂದ ಪರಾತಕ್ಕೆ ಟೀ ಟ್ರೇ ಎಂದದ್ದು ನನಗೆ ಅವತ್ತು ಗಂಡ ಬಿದ್ದದ್ದಕ್ಕಿಂತ ಹೆಚ್ಚು ಚುಚ್ಚಿತು. ತಿರುಗಿಸಿ ನೋಡಿದೆ. ಕೆಳಗಿನಿಂದ ಏನೋ ಬಡಿದು ತಳ ಸರಿಯಾಗಿ ನಡುವೆ ಒಳಕ್ಕೆ ಉಬ್ಬಿತ್ತು. ಇವರು ಕುಂಟುತ್ತ ಬಂದು, ಮೊದಲು ಜೇಬಿನಿಂದ ಸಣ್ಣ ಸ್ಕೇಲು ತೆಗೆದು ಉಬ್ಬನ್ನು ಅಳೆದರು. "ಆರು ಮಿಲಿಮೀಟರ್," ಎಂದರು. ತಮ್ಮ ಮೊಣಕಾಲು ಆಮೇಲೆ ನೋಡಿಕೊಂಡರು.

ಮೂರು ದಿನ ನಾನು ಮಾತಾಡಲಿಲ್ಲ. ರೊಟ್ಟಿಯನ್ನೂ ಮಾಡಲಿಲ್ಲ. ಬ್ರೆಡ್ಡು ಇಟ್ಟೆ. ಬ್ರೆಡ್ಡನ್ನು ಅವರು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು. ನಾಲ್ಕನೆಯ ದಿನ ನನಗೇ ತಡೆಯಲಿಲ್ಲ. ಉಬ್ಬಿನ ಮೇಲೆ ಬಡಿದರೆ ರೊಟ್ಟಿ ನಡುವೆ ತೆಳ್ಳಗಾಗುತ್ತಿತ್ತು. ತೆಳ್ಳಗಾದಲ್ಲಿ ಹಂಚಿನ ಮೇಲೆ ಬೇಗ ಕೆಂಪಾಗುತ್ತಿತ್ತು. ಪ್ರತಿ ರೊಟ್ಟಿಗೂ ನಟ್ಟನಡುವೆ ಕುಂಕುಮದ ಬೊಟ್ಟಿನಂಥ ಒಂದು ಕೆಂಪು ಕಲೆ. ನನಗೆ ನಾಚಿಕೆಯಾಯಿತು. ಅವರು ಅದನ್ನೇ ಮೊದಲು ಮುರಿದು ಬಾಯಿಗಿಟ್ಟುಕೊಂಡರು.

"ಇದು ನನ್ನ ಗುಡ್ಡ," ಎಂದರು. "ಇದನ್ನ ಯಾರಿಗೂ ಕೊಡಂಗಿಲ್ಲ."

"ಕಾರ್ಖಾನಿಗೆ ಒಯ್ದು ಬಡಿಸಿಕೊಂಡ ಬರ್ರಿ. ತಗಡಿನ ಕೆಲಸದವರು ಇರತಾರಲ್ಲ."

"ಬಡದರ ಮಟ್ಟ ಆಗತೈತಿ. ಆದರ ತಗಡು ಒಮ್ಮೆ ಹಿಗ್ಗಿದರ ಹಿಗ್ಗಿತು. ಆ ಹೆಚ್ಚಾದ ತಗಡು ಎಲ್ಲಿಗೆ ಹೋಗಬೇಕ, ನೀನ ಹೇಳು? ಅಲ್ಲೇ ಒಳಗ ಕುಂತಿರತೈತಿ."

ಇದು ಅವರ ಕೆಲಸದ ಮಾತು, ಸೋಮಾರಿತನಕ್ಕೆ ಹುಡುಕಿದ ನೆಪ ಎಂದು ನಾನು ಆಗ ತಿಳಿದೆ.

ಆ ವರ್ಷವೇ ಜೂನಿನಲ್ಲಿ ಮತ್ತೆ ಅಲ್ಲಿಗೆ ಹೊರಡಿಸಿದರು. ಯಾಕೆ ಎಂದರೆ, ತಮ್ಮನ್ನು ಬಡಿದ ಕಲ್ಲು ನೋಡಬೇಕಂತೆ. ಮೂರು ಗಂಟೆ ಕಾರು ಓಡಿಸಿ ಕಲ್ಲು ನೋಡುವುದಕ್ಕೆ ಹೋಗುವ ಮನುಷ್ಯನ ಜೊತೆ ಸಂಸಾರ ಮಾಡಿದವಳು ನಾನು. ಹೋದರೆ ಗುಡ್ಡದ ಗುರುತೇ ಸಿಗಲಿಲ್ಲ. ಹಿಮ ಇದ್ದಲ್ಲೆಲ್ಲ ನೀರು. ನೀರು ಎಂದರೆ ಹರಿಯುವ ನೀರಲ್ಲ, ನಿಂತ ನೀರೂ ಅಲ್ಲ, ನೆಲವೇ ನೀರು ಕುಡಿದು ಕೂತಿತ್ತು. ಹಸಿರು, ಕಂದು, ಕೆಂಪು ಪಾಚಿಯ ದಿಂಬುಗಳು, ಕಾಲಿಟ್ಟರೆ ಅರ್ಧ ಅಡಿ ಇಳಿದು ಮತ್ತೆ ಮೇಲೇಳುತ್ತಿದ್ದವು. ನಡುನಡುವೆ ಹತ್ತಿಯ ತುಣುಕು ಸಿಕ್ಕಿಸಿದಂಥ ಹುಲ್ಲು ಗಾಳಿಗೆ ಅಲ್ಲಾಡುತ್ತಿತ್ತು. ಇಂಡಿ ಕಡೆಯ ಹತ್ತಿ ಹೊಲ ನೋಡಿದವರಿಗೆ ಅದನ್ನು ಕಂಡು ಎಷ್ಟು ಖುಷಿಯಾಯಿತೆಂದರೆ, ಬಿಡಿಸಿಕೊಳ್ಳುವುದಕ್ಕೆ ಹೋಗಿ ಮೊಣಕಾಲವರೆಗೆ ಹೂತುಹೋದರು. ಎಳೆದೆವು. ಕಾಲು ಬಂತು, ಬೂಟು ಬರಲಿಲ್ಲ. ನಿಧಿ ನಕ್ಕು ನಕ್ಕು ಹುಲ್ಲಿನ ಮೇಲೆ ಕೂತಳು, ಅವಳ ಚಡ್ಡಿಯೂ ಒದ್ದೆಯಾಯಿತು.

ಬೇಲಿ ರಿಪೇರಿ ಮಾಡುತ್ತಿದ್ದ ಡೆನಿಸ್ ಬಂದ. "ಟೀ ಟ್ರೇ ಮನುಷ್ಯ," ಎಂದು ಗುರುತು ಹಿಡಿದ. ನಾನು ಮುಖ ತಿರುಗಿಸಿದೆ.

ಕಲ್ಲು ಎಲ್ಲಿ ಎಂದು ಇವರು ಕೇಳಿದರು. ಇಲ್ಲಿ ಕಲ್ಲು ಎಲ್ಲಿಂದ ಬರಬೇಕು, ಎರಡಾಳು ಆಳಕ್ಕೂ ಬರೀ ಕೊಳೆತ ಪಾಚಿಯೇ, ಸಾವಿರಾರು ವರ್ಷದ್ದು ಎಂದ ಡೆನಿಸ್. ಅವನೇ ಹುಡುಕಿ ತೋರಿಸಿದ್ದು ಒಂದು ಹಳೆಯ ಬೇಲಿಗೂಟದ ಮೋಟು. ಇವರು ಒಂಟಿ ಬೂಟಿನಲ್ಲಿ ನಿಂತು ಆ ಮೋಟಿಗೆ ಕೈಮುಗಿದರು. ಡೆನಿಸ್ ತನ್ನ ಟೋಪಿ ತೆಗೆದ. ಅದು ನಮ್ಮ ಕಡೆಯ ಸಂಪ್ರದಾಯ ಎಂದುಕೊಂಡಿರಬೇಕು.

ಆಮೇಲೆ ಆತ ಗುಡ್ಡದ ಮೈಮೇಲಿನ ಉದ್ದುದ್ದ ಗೀರುಗಳನ್ನು ತೋರಿಸಿದ. ತನ್ನ ಅಪ್ಪನ ಕಾಲದಲ್ಲಿ ಈ ನೆಲ ಒದ್ದೆ, ಕೆಲಸಕ್ಕೆ ಬಾರದ್ದು ಎಂದು ಸರ್ಕಾರದವರು ಕಾಲುವೆ ತೋಡಿಸಿ ನೀರೆಲ್ಲ ಹೊರಗೆ ಬಿಟ್ಟರಂತೆ. ಪಾಚಿ ಸತ್ತಿತು, ಹಕ್ಕಿ ಹೋದವು, ಕೆಳಗಿನ ಊರಿಗೆ ಪ್ರವಾಹ ಬಂತು. ಈಗ ಇನ್ನೊಂದು ಇಲಾಖೆಯವರು ಬಂದು ಅದೇ ಕಾಲುವೆಗಳನ್ನು ಮುಚ್ಚಿಸುತ್ತಿದ್ದಾರಂತೆ. "ಆವಾಗಲೂ ಒಳ್ಳೆಯದಕ್ಕೇ ಮಾಡಿದ್ದರು," ಎಂದು ಹೇಳಿ ಉಗುಳಿದ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ, ಆದರೆ ಆ ಉಗುಳು ಚೆನ್ನಾಗಿ ಅರ್ಥವಾಯಿತು. ಅವನ ಟೀ ಟ್ರೇಯನ್ನು ಅವತ್ತೇ ಕ್ಷಮಿಸಿದೆ.

ಬರುವ ದಾರಿಯಲ್ಲಿ ಹುಲ್ಲಿನಲ್ಲಿ ಒಂದು ಪುಟ್ಟ ನೀಲಿ ಹೂವಿತ್ತು. ಹಿಮಯುಗ ಮುಗಿದು ಉಳಿದ ಗಿಡಗಳೆಲ್ಲ ತಣ್ಣನೆಯ ದೇಶಕ್ಕೆ ಹೋದಾಗ ಇದು ಮಾತ್ರ ಹೋಗದೆ ಇಲ್ಲೇ ನಿಂತಿತು ಎಂದು ಪಕ್ಕದ ಫಲಕದಲ್ಲಿ ಬರೆದಿತ್ತು. ನಿಧಿ ಓದಿ ಹೇಳಿದಳು. ಇವರು ಬಗ್ಗಿ ನೋಡಿದರು, ಮುಟ್ಟಲಿಲ್ಲ. "ಹಟಮಾರಿ ಐತಿ," ಎಂದರು.

ಅದಾಗಿ ನಾಲ್ಕನೆಯ ಮಾರ್ಚಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಕೆಲಸಕ್ಕೆ ಹೊರಟವರು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತರು. ಬಸ್ಸು ಬಂತು. ಅವರು ಏಳಲಿಲ್ಲ. ಇಷ್ಟೇ. ಇದರ ಬಗ್ಗೆ ಹೆಚ್ಚು ಬರೆಯುವುದಕ್ಕೆ ನನಗೆ ಆಗುವುದಿಲ್ಲ.

ಮಾತಾಡಿಸುವುದಕ್ಕೆ ಬಂದವರ ಬಗ್ಗೆ ಮಾತ್ರ ಬರೆಯಬಲ್ಲೆ. ಮ್ಯಾಕಲ್ಸ್‌ಫೀಲ್ಡಿನಿಂದ ಬಂದ ಒಬ್ಬ ಹಿರಿಯರು ನನ್ನ ಸೋಫಾದಲ್ಲಿ ಕೂತು, "ಆ ಗುಡ್ಡದ ಚಳಿ ಎದಿಗೆ ಬಡದಿರಬೇಕು. ನಮ್ಮಂಥವರಿಗೆ ಅದೆಲ್ಲಾ ಆಗಿಬರಂಗಿಲ್ಲ," ಎಂದರು. ನಾಲ್ಕು ವರ್ಷದ ಹಿಂದಿನ ಚಳಿ. ಅದು ನಾಲ್ಕು ವರ್ಷ ಎಲ್ಲಿ ಕೂತು ಕಾಯುತ್ತಿತ್ತು? ನಮ್ಮ ಜೀಪಿ ಡಾಕ್ಟರ ಹತ್ತಿರ ಆಗಾಗ ಬಿಪಿ ತೋರಿಸಿದ್ದೆವು, ಎಲ್ಲ ಸರಿ ಇತ್ತು. ಇನ್ನೊಬ್ಬರು, 'ಯೋಗಾಸನ ಮಾಡುತ್ತಿರಲಿಲ್ಲವೇ' ಎಂದು ವಿಚಾರಿಸಿದರು. ಸತ್ತವರ ತಪ್ಪು ಹುಡುಕಿದರೆ ಇದ್ದವರಿಗೆ ಧೈರ್ಯ ಬರುತ್ತದೆ ಎಂದು ಕಾಣುತ್ತದೆ. ನಾನು ಚಹಾ ಕೊಟ್ಟೆ.

ಸಾವು ನೋಂದಾಯಿಸುವ ಕಚೇರಿಯಲ್ಲಿ ಒಬ್ಬ ಒಳ್ಳೆಯ ಹೆಂಗಸು ಮೆಲ್ಲಗೆ, ಅವರ ಪೂರ್ತಿ ಹೆಸರು ಹೇಳಿ ಎಂದಳು. ನಾನು ಕಾಗದ ಕೇಳಿದೆ, ಬರೆದುಕೊಡುತ್ತೇನೆ ಎಂದೆ. ಬಾಯಲ್ಲಿ ಹೇಳಬೇಕಾಗುತ್ತದೆ, ದಯವಿಟ್ಟು ಎಂದಳು. ಮದುವೆಯಲ್ಲಿ ಎಲ್ಲರೂ ನಗುತ್ತ ಬಾಗಿಲಿಗೆ ಅಡ್ಡ ನಿಂತು ಹೇಳಿಸಿದ್ದ ಹೆಸರು. ಅದಾದ ಮೇಲೆ ಮೊದಲ ಸಲ ಹೇಳಿದ್ದು ಅಲ್ಲಿ. ಹೇಳಿದೆ. ಅವಳು ಇನ್ನೊಮ್ಮೆ, ಅಕ್ಷರ ಬಿಡಿಸಿ ಹೇಳಿ ಎಂದಳು.

ಮತ್ತೊಂದು ಮಾತು. ನಮ್ಮಲ್ಲಿ ಹೋದವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ, ಚಕ್ಕಂಬಕ್ಕಳ ಹಾಕಿಸಿ, ಎಡಗೈಯಲ್ಲಿ ಲಿಂಗ ಇಟ್ಟು. ಇಲ್ಲಿ ಹಾಗಾಗುವುದಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಿಯೇ ಆಗಬೇಕು ಎಂದರು. ಹೇಳಿದವರು ಸಭ್ಯರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಲಗಿದ ಅವರ ಮುಖ ನೋಡುವಾಗ ನನ್ನ ಕಣ್ಣ ಮುಂದೆ ಬಂದದ್ದು ಪರಾತ. ಅದರಲ್ಲಿ ಅವರು ಕೂತ ರೀತಿ. ಎಡಗೈ ಎದೆಯ ಮೇಲೆ. ಹಿಮದ ಮೇಲೆ ತಿರುಗುತ್ತ, ಒಮ್ಮೆ ಬೆನ್ನು, ಒಮ್ಮೆ ಮುಖ. ಕೂಡಿಸಿ ಕಳಿಸುವುದಕ್ಕೆ ನನಗೆ ಆಗಲಿಲ್ಲ. ಅವರು ಕೂತದ್ದರ ಗುರುತು ಎಂದು ನನ್ನ ಹತ್ತಿರ ಉಳಿದದ್ದು ಆ ಆರು ಮಿಲಿಮೀಟರ್ ಒಂದೇ.

ಈಗ ನಿಮಗೆ ನನ್ನ ಸಿಟ್ಟು ಅರ್ಥವಾಗಬಹುದು.

ಕ್ರಿಯೆ ಮುಗಿದ ಮೇಲೆ ಪ್ರಸಾದಕ್ಕೆಂದು ಹೆಂಗಸರು ನಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವುದಕ್ಕೆ ಕೂತರು. "ಈ ಪರಾತದಾಗ ಹ್ಯಾಂಗ್ ಬಡೀತಾಳೋ ಏನೋ," ಎಂದು ಅವರಲ್ಲೊಬ್ಬಳು ಗೊಣಗಿದ್ದು ಹಜಾರದಲ್ಲಿ ಕೂತ ನನಗೆ ಕೇಳಿಸಿತು. ಅದು ಮಲ್ಲೂಗೂ ಕೇಳಿಸಿತು. ಮಲ್ಲು ಎಂದರೆ ಮಲ್ಲಿಕಾರ್ಜುನ, ಗೋಕಾಕದವನು, ಇವರ ಕಾರ್ಖಾನೆಯಲ್ಲೇ ತಗಡಿನ ವಿಭಾಗದಲ್ಲಿದ್ದವನು. ಇವರನ್ನು ಅಣ್ಣಾರು ಎಂದು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವನು. ಆ ಹದಿನೈದು ದಿನ ಕಾಗದಪತ್ರ, ಕಾರು, ಅಂಗಡಿ ಎಲ್ಲಕ್ಕೂ ಓಡಾಡಿದವನು ಅವನೇ. ಆ ಸಂಜೆ ಹೊರಡುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಸಾವಾದ ಮನೆಯಿಂದ 'ಹೋಗಿ ಬರ್ತೇನಿ' ಎಂದು ಹೇಳಬಾರದು, ಸುಮ್ಮನೆ ಎದ್ದು ಹೋಗಬೇಕು. ಎಲ್ಲರೂ ಹಾಗೇ ಹೋದರು, ಅವನೂ ಹಾಗೇ ಹೋದ. ರೂಢಿ ನನಗೆ ಗೊತ್ತಿದ್ದದ್ದೇ, ನಾನೂ ಎಷ್ಟು ಮನೆಗಳಿಂದ ಹಾಗೆ ಎದ್ದು ಬಂದಿದ್ದೇನೆ. ಆದರೆ ಒಳಗೆ ಕೂತವಳಿಗೆ ಹೇಗಾಗುತ್ತದೆ ಎಂದು ಯಾವತ್ತೂ ಯೋಚಿಸಿರಲಿಲ್ಲ. ಆ ಮಂಗಳವಾರ ಬೆಳಿಗ್ಗೆ ಬಸ್ಸಿಗೆ ಹೊರಟ ಇವರು ಮಾತ್ರ ಹೋಗಿ ಬರ್ತೇನಿ ಎಂದಿದ್ದರು.

ಮಲ್ಲು ಕಾರಿನಲ್ಲಿ ಪರಾತ ಒಯ್ದಿದ್ದ. ನನಗೆ ಗೊತ್ತಾದದ್ದು ಮೂರು ದಿನದ ಮೇಲೆ, ಅವನು ಅದನ್ನು ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು ಮೇಜಿನ ಮೇಲೆ ಇಟ್ಟಾಗ. ಹೊಳೆಯುತ್ತಿತ್ತು. ಉದ್ದನೆಯ ಉಕ್ಕಿನ ಪಟ್ಟಿಯನ್ನು ತಳದ ಮೇಲೆ ಇಟ್ಟು, ಬೆಳಕಿಗೆ ಹಿಡಿದು ತೋರಿಸಿದ.

"ಕೂದಲೆಳಿಯಷ್ಟೂ ಫರಕ್ ಇಲ್ರಿ ವೈನಿ. ಅಣ್ಣಾರ ಇದ್ದಿದ್ದರ ಪಾಸ್ ಮಾಡತಿದ್ದರು." ಅವನ ಕಣ್ಣು ತುಂಬಿತ್ತು. ಊಟದ ಬಿಡುವಿನಲ್ಲಿ, ಮೂರು ದಿನ ಕೂತು, ಕೈಯಿಂದಲೇ ಬಡಿದಿದ್ದನಂತೆ.

ನಾನು "ಛಲೋ ಆತು ತಮ್ಮಾ," ಎಂದೆ. ಅವನು ಹೋದ ಮೇಲೆ ಪರಾತವನ್ನು ಮಂಚದ ಕೆಳಗೆ ತಳ್ಳಿದೆ.

ತಿಂಗಳ ಮೇಲೆ ತೆಗೆದೆ. ರೊಟ್ಟಿ ಹುಣ್ಣಿಮೆ ಚಂದ್ರನ ಹಾಗೆ ಬಂತು, ಎಲ್ಲ ಕಡೆ ಒಂದೇ ಸಮ, ಎಲ್ಲೂ ಕಲೆಯಿಲ್ಲ. ನಿಧಿ ತಟ್ಟೆಯಲ್ಲಿ ಅದನ್ನು ಎರಡೂ ಬದಿ ತಿರುಗಿಸಿ ನೋಡಿ ಮುರಿದಳು. ನನಗೆ ತಡೆಯಲಿಲ್ಲ. ಮರುದಿನ ಅವಳು ಶಾಲೆಗೆ ಹೋದ ಮೇಲೆ ನಾನು ಮಾಡಿದ ಕೆಲಸ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಕುಟ್ಟುವ ಕಲ್ಲಿನ ಗುಂಡನ್ನು ಹಿತ್ತಲ ಹುಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಪರಾತ ಇಟ್ಟು, ಒಳಗೆ ಕೂತೆ. ಏನೂ ಆಗಲಿಲ್ಲ. ಎದ್ದು ಇನ್ನೊಮ್ಮೆ ಜೋರಾಗಿ ಕೂತೆ. ಗುಂಡು ಹೊರಳಿತು, ನಾನೂ ಹೊರಳಿದೆ. ಪಕ್ಕದ ಮನೆಯ ಮುದುಕಿ ಬೇಲಿಯ ಮೇಲಿನಿಂದ ನೋಡುತ್ತಿದ್ದಳು. ಹತ್ತು ವರ್ಷ ಗೋಡೆ ಕುಟ್ಟಿದವಳು, ಅವತ್ತು ಒಳಗೆ ಹೋಗಿ, ಬೇಲಿಯ ಮೇಲಿನಿಂದಲೇ ನನಗೊಂದು ಕಪ್ ಚಹಾ ಕೊಟ್ಟಳು. ಸಣ್ಣ ಟ್ರೇಯಲ್ಲಿ ಇಟ್ಟು ಕೊಟ್ಟಳು. ನಿಜವಾದ ಟೀ ಟ್ರೇ.

ಅದಾಗಿ ಒಂದು ವಾರವಿರಬೇಕು. ನಾದುತ್ತಿದ್ದೆ. ಮೈಭಾರವನ್ನೆಲ್ಲ ಅಂಗೈಯ ಬುಡಕ್ಕೆ ಹಾಕಿ ಒತ್ತಿದಾಗ ಹಿಟ್ಟಿನ ಕೆಳಗಿನಿಂದ ಟೊಕ್ ಎಂದಿತು. ನಿಲ್ಲಿಸಿದೆ. ಹಿಟ್ಟು ಬದಿಗೆ ಸರಿಸಿ, ಬೆರಳಿನಿಂದ ಒತ್ತಿದೆ. ತಳ ಕೆಳಕ್ಕೆ ಹೋಯಿತು, ಟೊಕ್. ಅಂಚು ಹಿಡಿದು ಎತ್ತಿದೆ. ಮೇಲಕ್ಕೆ ಬಂತು, ಟೊಕ್. ಅಲ್ಲೇ ನೆಲದ ಮೇಲೆ ಕೂತು ಎಷ್ಟು ಸಲ ಒತ್ತಿದೆನೋ ಲೆಕ್ಕವಿಲ್ಲ. ಹೆಚ್ಚಾದ ತಗಡು ಎಲ್ಲಿಗೆ ಹೋಗಬೇಕು ಎಂದು ಅವರು ಕೇಳಿದ್ದರಲ್ಲ. ಅಲ್ಲೇ ಒಳಗೆ ಕುಳಿತಿತ್ತು.

ಕಳೆದ ಭಾನುವಾರ ಮಧ್ಯಾಹ್ನ ಮಲ್ಲುವನ್ನು ಊಟಕ್ಕೆ ಕರೆದೆ. ವರ್ಷ ತುಂಬಿತ್ತು. ಬಡಿಯುವ ಮುಂಚೆ ಅಂಚು ಹಿಡಿದು ಎತ್ತಿ ಟೊಕ್ ಅನ್ನಿಸಿ, ತಳದ ಕೆಳಗೆ ಮಡಿಚಿದ ಬಟ್ಟೆಯ ಗಂಟು ಇಟ್ಟರೆ ಗುಡ್ಡ ಮೇಲೇ ನಿಲ್ಲುತ್ತದೆ, ಈಗ ಅದು ನನಗೆ ರೂಢಿಯಾಗಿದೆ. ಅವನ ತಟ್ಟೆಗೆ ರೊಟ್ಟಿ ಹಾಕಿದೆ. ಮುರಿಯಲು ಹೋದವನು ಕೈ ತಡೆದ.

"ನಡಕ ಕೆಂಪಗ ಆಗೇತಲ್ರಿ ವೈನಿ. ತಳ ಮತ್ತ ಎದ್ದೈತೇನ?"

"ಎದ್ದೈತಿ."

"ಹಂಗಾರ ಕೊಡ್ರಿ, ನಾಳೆ ಒಯ್ದು..."

"ಮುಟ್ಟಿದರ ನೋಡು," ಎಂದೆ.

ಅಷ್ಟು ಹೇಳಿದ್ದೇ, ಒಂದು ವರ್ಷದ್ದೆಲ್ಲ ಹೊರಗೆ ಬಂತು. ಯಾರು ಒಯ್ಯಲು ಹೇಳಿದ್ದು, ಯಾರು ಬಡಿಯಲು ಹೇಳಿದ್ದು, ಕೇಳಬಾರದಾಗಿತ್ತೇ, ನಾನು ಹಜಾರದಲ್ಲೇ ಕೂತಿರಲಿಲ್ಲವೇ. ಹಿಮ, ಮೂರು ಸುತ್ತು, ಎಡಗೈ, ಪೆಟ್ಟಿಗೆ, ಎಲ್ಲ ಹೇಳಿದೆ. ನಿಧಿ ತಟ್ಟೆ ನೋಡುತ್ತ ಕೂತಿದ್ದಳು. ಮಲ್ಲು ರೊಟ್ಟಿ ಹಿಡಿದ ಕೈ ಹಾಗೇ ಇಟ್ಟುಕೊಂಡು ಕೇಳಿಸಿಕೊಂಡ. ಆಮೇಲೆ ಕೆಂಪು ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ,

"ಬೆಂಕಿ ಕೊಟ್ಟು ಕುಗ್ಗಿಸಿದ್ದರ ಉಬ್ಬು ಪೂರಾ ಹೋಗತಿತ್ತರಿ," ಎಂದ. "ಸ್ಟೀಲಿನ ಬಣ್ಣ ಕೆಡತೈತಿ ಅಂತ ಬಿಟ್ಟೆ."

"ಪುಣ್ಯಾ ಕಟ್ಟಿಕೊಂಡ್ಯಪ್ಪ."

"ನಡೂದು ನನಗ ಬ್ಯಾಡ್ರಿ ವೈನಿ," ಎಂದು ಕೆಂಪು ಕಲೆಯಿದ್ದ ತುಂಡನ್ನು ಮುರಿದು ತಟ್ಟೆಯ ಬದಿಗೆ ಇಟ್ಟ. ನಿಧಿ ಕೈ ಚಾಚಿ ಅದನ್ನು ತೆಗೆದುಕೊಂಡಳು. "ಅದು ಪಪ್ಪಾಂದು," ಎಂದಳು. ತಾನೇ ತಿಂದಳು.

ಊಟವಾಯಿತು. ಮಲ್ಲು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತ. ಹಿಂದಿನ ವರ್ಷ ನಿಂತ ಹಾಗೇ ನಿಂತ. ಅಭ್ಯಾಸಬಲದಿಂದ ಸುಮ್ಮನೆ ತಿರುಗಿದವನು ಮೆಟ್ಟಿಲ ಹತ್ತಿರ ಹೋಗಿ ವಾಪಸ್ ಬಂದ.

"ಹೋಗಿ ಬರ್ತೇನ್ರಿ ವೈನಿ."

"ಬಾ," ಎಂದೆ. "ಬರೂ ಮುಂದ ಸುತ್ತಿಗಿ ತರಬ್ಯಾಡ."